ತಲೆಗೆ ಹುಯ್ದುಕೊಳ್ಳುವ ದಿನ

ಪವಿತ್ರಾ ದಿನ ಬಿಟ್ಟು ದಿನ ತಲೆಗೆ ನೀರು ಹುಯ್ದುಕೊಳ್ಳುತ್ತಾಳೆ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಯಾಕೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಅವಳು ಕೊಡುತ್ತಿದ್ದ ಉತ್ತರ ಕಾಲಕಾಲಕ್ಕೆ ಬದಲಾಗುತ್ತಿತ್ತು. ಬೇಸಿಗೆಯಲ್ಲಿ ಬಸ್ಸಿನ ಧೂಳು ಎನ್ನುತ್ತಿದ್ದಳು. ಮಳೆಗಾಲದಲ್ಲಿ ತಲೆ ಮುಗ್ಗಲು ವಾಸನೆ ಬರುತ್ತದೆ ಎನ್ನುತ್ತಿದ್ದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳಿಗೆ ಉರಿ ಹಾಕುವ ಕಾಲ ಬಂದ ಮೇಲಂತೂ ಯಾರೂ ಕೇಳುತ್ತಿರಲಿಲ್ಲ. ಆ ಘಾಟು ಊರಿನ ನಾಯಿಗಳ ಮೈಯಿಂದಲೂ ಬರುತ್ತಿತ್ತು.

ಆ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುವ ಪದ್ಧತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಪವಿತ್ರಾ ಪಿರಿಯಾಪಟ್ಟಣದ ಜೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಾಗ ಅತ್ತೆ ಚಿಕ್ಕಬೀರಮ್ಮನೇ ಅದನ್ನು ಕೈಬಿಟ್ಟಿದ್ದಳು. "ದೇವ್ರ ಗೂಡಿನ್ ತಾವ್ಕೆ ಓಗ್ಬ್ಯಾಡ. ಮೂರ್ನೇ ದಿನ ತಲೆಗ್ ಉಯ್ಕಂಡು ಒಲೆ ಮುಟ್ಟು. ಅಷ್ಟ್ ಸಾಕು" ಎಂದಿದ್ದಳು. ಪಟ್ಟಣಕ್ಕೆ ಹೋಗಿ ಬರುವ ಸೊಸೆಯನ್ನು ಮೂಲೆಯಲ್ಲಿ ಕೂರಿಸುವ ಅತ್ತೆ ತಾನಲ್ಲ ಎಂಬ ಸಣ್ಣ ಹೆಮ್ಮೆಯೂ ಅವಳಿಗಿತ್ತು. ಅಡುಗೆ ಹೆಚ್ಚಾಗಿ ಅತ್ತೆಯದೇ ಆಗಿದ್ದರಿಂದ, ಪವಿತ್ರಾ ಮೊದಲೆರಡು ದಿನ ಒಲೆಯ ಕಡೆ ಹೋಗದಿದ್ದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆದರೆ ಆ ಮೂರನೇ ದಿನದ ನೀರೇ ಪವಿತ್ರಾಗೆ ಕಂಟಕವಾಯಿತು. ಊರಿನ ಹೆಂಗಸರು ತಲೆಗೆ ಹುಯ್ದುಕೊಳ್ಳುವುದು ಮಂಗಳವಾರ ಇಲ್ಲವೇ ಶುಕ್ರವಾರ. ಮಿಕ್ಕ ವಾರಗಳಲ್ಲಿ ಒಬ್ಬಳು ತಲೆಗೆ ಟವಲು ಸುತ್ತಿಕೊಂಡು ಬಚ್ಚಲಿನಿಂದ ಹೊರಬಂದಳೆಂದರೆ ಅದಕ್ಕಿರುವುದು ಒಂದೇ ಅರ್ಥ. ಮಕ್ಕಳಿರುವವಳ ತಲೆಯಾದರೆ ಯಾರೂ ತಿರುಗಿ ನೋಡುವುದಿಲ್ಲ. ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬದವಳ ತಲೆಯಾದರೆ ಆ ಟವಲು ಬೀದಿಗೆ ಸಾರಿ ಹೇಳುತ್ತದೆ: ಈ ತಿಂಗಳೂ ಇಲ್ಲ.

ಚಿಕ್ಕಬೀರಮ್ಮ ಅದಕ್ಕಾಗಿ ಒಂದು ಕೆಟ್ಟ ಮಾತನ್ನೂ ಆಡಿದವಳಲ್ಲ. ಒದ್ದೆ ತಲೆ ಕಂಡ ಕೂಡಲೇ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ರಾಗಿ ಕೇರುತ್ತಿದ್ದರೆ ಮೊರ ತೊಡೆಯ ಮೇಲೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತು ಅಂಗಳದ ಕೋಳಿಗಳ ಕಡೆ ನೋಡಿ, "ಊಂ, ಆಗ್ಲಿ ಬುಡು" ಎಂದು ಮತ್ತೆ ಕೇರಲು ಶುರುಮಾಡುತ್ತಿದ್ದಳು. ಬೈದಿದ್ದರೆ ಪವಿತ್ರಾ ತಿರುಗಿ ಒಂದು ಮಾತಾದರೂ ಆಡಬಹುದಿತ್ತು. ನಿಂತ ಮೊರಕ್ಕೆ ಏನು ಉತ್ತರ ಕೊಡುವುದು?

ಎದುರುಮನೆಯ ಪ್ರೇಮಮ್ಮನದು ಇನ್ನೊಂದು ಬಗೆ. ಅವಳು ಬಾಯಿಬಿಟ್ಟೇ ಕೇಳುತ್ತಿದ್ದಳು.

"ಏನ್ ಪವಿತ್ರಾ, ಬುದ್ವಾರ ತಲೆಗ್ ಉಯ್ಕಂಡಿದ್ದೀ?"

"ಬಿಸಿಲು ಚೆನ್ನಾಗಿತ್ತು ಅಕ್ಕ."

"ಬಿಸ್ಲು ದಿನಾ ಇರ್ತದೆ ಕಣಮ್ಮಿ."

ಹೀಗೆ ಮೂರು ವರ್ಷ ಕಳೆದ ಮೇಲೆ ಒಂದು ದಿನ ಪವಿತ್ರಾ ಯಾವ ಕಾರಣವೂ ಇಲ್ಲದೆ ಭಾನುವಾರ ತಲೆಗೆ ಹುಯ್ದುಕೊಂಡಳು. ಮಂಗಳವಾರ ಮತ್ತೆ, ಗುರುವಾರ ಮತ್ತೆ. ಅಂಗಡಿಯಿಂದ ಶಾಂಪೂ ಸ್ಯಾಶೆಗಳ ಸರವನ್ನೇ ತಂದು ಬಚ್ಚಲಿನ ಮೊಳೆಗೆ ನೇತುಹಾಕಿದಳು. ಮೊದಮೊದಲು ಪ್ರೇಮಮ್ಮ ಪೊರಕೆ ಹಿಡಿದು ನಿಂತು ನೋಡಿದಳು, ಆಮೇಲೆ ಲೆಕ್ಕ ತಪ್ಪಿ ಸುಮ್ಮನಾದಳು. ಚಿಕ್ಕಬೀರಮ್ಮನ ಮೊರವೂ ನಿಲ್ಲುವುದು ಬಿಟ್ಟಿತು. ಅಷ್ಟು ಒದ್ದೆ ತಲೆಗಳ ನಡುವೆ ತಿಂಗಳಿನ ಆ ಒಂದು ಒದ್ದೆ ತಲೆ ಯಾವುದೆಂದು ಯಾರಿಗೂ ಗುರುತು ಹತ್ತುತ್ತಿರಲಿಲ್ಲ. ಪವಿತ್ರಾಗೆ ಅದು ಗೆಲುವು ಅನ್ನಿಸಲಿಲ್ಲ. ಬಿಸಿಲಲ್ಲಿ ನಡೆಯುವವರಿಗೆ ಒಂದು ಮರದ ನೆರಳು ಸಿಕ್ಕಂತಿತ್ತು, ಅಷ್ಟೇ.

ಆ ನೆರಳಿಗೆ ತೆರಬೇಕಾದದ್ದನ್ನು ತಲೆ ತೆತ್ತಿತು. ಬಚ್ಚಲಿನ ತೂಬಿನಲ್ಲಿ ಕೂದಲು ಗುಬ್ಬಿಗೂಡಿನಂತೆ ಕಟ್ಟಿಕೊಳ್ಳತೊಡಗಿತು. ಮದುವೆಯ ಫೋಟೋದಲ್ಲಿ ಸೊಂಟ ದಾಟಿದ್ದ ಜಡೆ ಬೆರಳಿನಷ್ಟು ಸಣ್ಣದಾಗಿ, ತುದಿ ತೆಂಗಿನ ನಾರಿನಂತೆ ಬಿರಿದುಕೊಂಡಿತು. ನೆತ್ತಿ ಒಣಗಿ ಹೊಟ್ಟು ಉದುರುತ್ತಿತ್ತು. ಒಂದು ಮಧ್ಯಾಹ್ನ ಗಂಡ ಶಿವಶಂಕರ ತಟ್ಟೆಯಿಂದ ಉದ್ದನೆಯ ಕೂದಲೊಂದನ್ನು ಎಳೆದು, ತಟ್ಟೆಯ ಅಂಚಿನಲ್ಲಿಟ್ಟು, ಮುದ್ದೆ ಮುರಿದ. ಅವನು ಹೆಚ್ಚು ಮಾತಿನವನಲ್ಲ. ಮೈಸೂರಿನ ಡಾಕ್ಟರು ಪವಿತ್ರಾಳನ್ನು ನೋಡಿ, ನಿಮ್ಮಲ್ಲಿ ತೊಂದರೆ ಕಾಣುತ್ತಿಲ್ಲ, ಇನ್ನೊಮ್ಮೆ ನಿಮ್ಮ ಯಜಮಾನರನ್ನು ಕರೆದುಕೊಂಡು ಬನ್ನಿ ಎಂದಿದ್ದರು. ಅದಕ್ಕೂ ಅವನು ಇಲ್ಲ ಎಂದಿರಲಿಲ್ಲ, ಹೊಗೆಸೊಪ್ಪಿನ ಕೆಲಸ ಮುಗಿಯಲಿ ಎಂದಿದ್ದ. ಆ ಮಾತಾದ ಮೇಲೆ ಎರಡು ವರ್ಷದ ಸೊಪ್ಪು ಮಾರಾಟವಾಗಿತ್ತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳು ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯೂಟಿ ಪಾರ್ಲರಿಗೆ ಹೋದಳು. ಅದನ್ನು ನಡೆಸುತ್ತಿದ್ದ ರಮ್ಯಾ ಹುಣಸೂರಿನ ಹುಡುಗಿ, ಪವಿತ್ರಾಗಿಂತ ಚಿಕ್ಕವಳು. ಅವಳು ಜಡೆ ಬಿಚ್ಚಿ, ಒಂದು ಹಿಡಿ ಕೂದಲನ್ನು ಬೆಳಕಿಗೆ ಹಿಡಿದು ನೋಡಿದಳು.

"ವಾರಕ್ಕೆ ಎಷ್ಟು ಸಲ ಶಾಂಪೂ ಅಕ್ಕ?"

"ಮೂರು. ನಾಲ್ಕೂ ಆಗುತ್ತೆ ಒಂದೊಂದ್ಸಲ."

"ಕಂಡೀಷನರ್?"

"ಇಲ್ಲ."

"ಪಾತ್ರೆ ತೊಳ್ದಂಗ್ ತೊಳ್ದಿದ್ದೀರಲ್ಲ ಅಕ್ಕ. ಮಸಿ ಹಿಡಿದಿರೋ ಪಾತ್ರೆನೂ ಯಾರೂ ಇಷ್ಟು ಉಜ್ಜಲ್ಲ." ರಮ್ಯಾ ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಬುಟ್ಟಿಗೆ ಹಾಕಿದಳು. "ನಿಮ್ದು ಒಣ ಕೂದ್ಲು. ವಾರಕ್ಕೊಂದ್ಸಲ ಸಾಕು. ತೀರಾ ಬೆವರಿದ್ರೆ ಎರಡು. ಶಾಂಪೂ ಬುಡಕ್ಕೆ ಮಾತ್ರ ಹಾಕಿ, ತುದಿಗೆ ನೊರೆ ಇಳಿದ್ರೆ ಸಾಕು. ಹಾಕ್ದಾಗೆಲ್ಲ ಕಂಡೀಷನರ್ ಹಾಕಿ. ಅದು ತುದಿಗೆ, ಬುಡಕ್ಕಲ್ಲ. ಎರಡು ನಿಮಿಷ ಬಿಟ್ಟು ತೊಳೀರಿ. ಮಿಕ್ಕ ದಿನ ತಲೆ ತಂಟೆಗೇ ಹೋಗ್ಬೇಡಿ."

"ಯಾವ ದಿನ ಹಾಕ್ಕೊಬೇಕು?"

"ಯಾವ ದಿನ ಅಂದ್ರೆ?"

"ಒಂದೊಂದು ವಾರ ಒಂದೊಂದು ದಿನ ಹಾಕ್ಕೊಂಡ್ರೆ ಆಗಲ್ವಾ?"

ರಮ್ಯಾ ಕನ್ನಡಿಯೊಳಗಿನಿಂದ ಅವಳನ್ನು ನೋಡಿ ನಕ್ಕಳು. "ಕೂದ್ಲಿಗೇನು ಪಂಚಾಂಗ ಗೊತ್ತಾ ಅಕ್ಕ? ಹಾಕ್ಕೊಳಿ ಯಾವತ್ತಾದ್ರೂ. ಭಾನುವಾರ ಅಂತ ಇಟ್ಕೊಂಡ್ರೆ ನಿಮ್ಗೇ ಸಲೀಸು. ಅದಿರ್ಲಿ, ಇಷ್ಟೊಂದು ಯಾಕೆ ತೊಳೀತೀರಾ, ಅದನ್ನ ಹೇಳಿ ಮೊದ್ಲು."

ಹೊರಗೆ ಹರಾಜಿಗೆ ಹೊಗೆಸೊಪ್ಪಿನ ಬೇಲು ಮೂಟೆಗಳನ್ನು ಹೇರಿಕೊಂಡ ಟ್ರ್ಯಾಕ್ಟರೊಂದು ಗಡಗಡ ಹೋಯಿತು. ಪವಿತ್ರಾ ಅದರ ಕಡೆ ನೋಡಿದಳು.

"ಸೊಪ್ಪಿನ ವಾಸನೆ" ಎಂದಳು.

"ಎಲ್ರ ಮನೇಲೂ ಅದೇ ವಾಸನೆ. ಎಲ್ರೂ ಹಿಂಗೇ ತೊಳ್ದಿದ್ರೆ ಪಿರಿಯಾಪಟ್ಟಣದಲ್ಲಿ ಜಡೆ ಹಾಕೋರೇ ಇರ್ತಿರ್ಲಿಲ್ಲ ಬಿಡಿ."

ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ಪವಿತ್ರಾ ಕಂಡೀಷನರ್ ಬಾಟಲಿಯನ್ನು ಬ್ಯಾಗಿನೊಳಗೇ ಹಿಡಿದುಕೊಂಡು ಕೂತಿದ್ದಳು. ವಾರಕ್ಕೊಂದೇ ಸಲ ಎಂದರೆ ಮೂರನೇ ದಿನದ ನೀರು ಮತ್ತೆ ಬಯಲಿಗೆ ಬೀಳುತ್ತದೆ. ಕೂದಲು ಉಳಿಯಬೇಕೇ, ಗುಟ್ಟು ಉಳಿಯಬೇಕೇ? ಬಹಳ ಹೊತ್ತು ಯೋಚಿಸಲೂ ಅವಳಿಗೆ ತ್ರಾಣವಿರಲಿಲ್ಲ. ಮೂರು ವರ್ಷ ದಿನ ಬಿಟ್ಟು ದಿನ ಹಂಡೆಗೆ ನೀರು ತುಂಬಿ, ಉರಿ ಹಾಕಿ, ಉಜ್ಜಿ, ಒಣಗಿಸಿ, ಅವಳ ತೋಳುಗಳು ಸೋತಿದ್ದವು. ಭಾನುವಾರ ಎಂದು ನಿಶ್ಚಯಿಸಿದಳು. ಮುಂದಿನದು ಮುಂದೆ.

ಅದೃಷ್ಟವೋ ಏನೋ, ಆ ತಿಂಗಳು ಮುಟ್ಟಾದದ್ದು ಶುಕ್ರವಾರ. ಮೂರನೇ ದಿನ ಭಾನುವಾರಕ್ಕೇ ಬಂತು. ಒಂದೇ ನೀರಿಗೆ ಎರಡೂ ಕಳೆದವು. ವಾರಗಳು ಸರಿದಂತೆ ಬಾಚಣಿಗೆಗೆ ಬರುವ ಕೂದಲು ಕಡಿಮೆಯಾಯಿತು. ತುದಿ ಮೆತ್ತಗಾಯಿತು. ಬೆಳಿಗ್ಗೆ ಇನ್ನೂ ಸ್ವಲ್ಪ ಹೊತ್ತು ಮಲಗಬಹುದಿತ್ತು, ಮಲಗುತ್ತಿದ್ದಳು.

ಚಿಕ್ಕಬೀರಮ್ಮನಲ್ಲಿ ಏನೋ ಬದಲಾಗಿದೆ ಎಂಬುದು ಅವಳಿಗೆ ತಿಳಿದದ್ದು ನಿಧಾನವಾಗಿ. ಮೊದಲು ನಲ್ಲಿಯ ಹತ್ತಿರ ತುಂಬಿದ ಬಿಂದಿಗೆಯನ್ನು ಅತ್ತೆ ತಾನೇ ಸೊಂಟಕ್ಕೇರಿಸಿಕೊಂಡಳು. "ಬುಡವ್ವ, ನಾನ್ ಎತ್ಕತೀನಿ." ಆಮೇಲೆ ಸಂಜೆ ಚಹಾದ ಬದಲು ಹಾಲು ಬಂತು. ನಾಟಿಕೋಳಿಯ ಮೊಟ್ಟೆಯನ್ನು ಮಾರುವ ಬುಟ್ಟಿಗೆ ಹಾಕದೆ ಬೇಯಿಸಿ, ಸಿಪ್ಪೆ ಸುಲಿದು ಬುತ್ತಿಯಲ್ಲಿಟ್ಟಳು. ಅತ್ತೆಗೂ ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಎಂದುಕೊಂಡಳು ಪವಿತ್ರಾ. ಮದುವೆಯಾದ ಈ ಆರು ವರ್ಷದಲ್ಲಿ ಯಾರೂ ಅವಳಿಗೆ ಮೊಟ್ಟೆ ಸುಲಿದು ಕೊಟ್ಟಿರಲಿಲ್ಲ. ಅದನ್ನು ಅಂಗಡಿಯ ಮೂಲೆಯಲ್ಲಿ ಕೂತು ನಿಧಾನವಾಗಿ ತಿಂದಳು.

ಒಂದು ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿರುವಾಗ ಅತ್ತೆ ಬಾಗಿಲಿಗೆ ಬಂದು, ಬೇರೆ ಕಡೆ ನೋಡುತ್ತಾ ಹೇಳಿದಳು:

"ಬಸ್ಸಲ್ಲಿ ಇಂದ್ಗಡೆ ಸೀಟಲ್ ಕೂರ್ಬ್ಯಾಡ ಕಣಮ್ಮಿ. ಎತ್ತಾಕ್ತದೆ. ಮುಂದ್ಗಡೆ ಕೂತ್ಕೊ."

ಪವಿತ್ರಾ ಹೂಂ ಎಂದು ಹೊರಟಳು. ಊರ ಮುಂದಿನ ಅರಳಿಕಟ್ಟೆ ದಾಟುವ ಹೊತ್ತಿಗೆ ಆ ಮಾತಿನ ಅರ್ಥ ಹೊಳೆದು, ರಸ್ತೆಯ ಪಕ್ಕಕ್ಕೆ ಸರಿದು ನಿಂತಳು.

ಅತ್ತೆ ಕೇಳಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಮೂರು ತಿಂಗಳು ತುಂಬುವ ಮೊದಲು ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆ ಎಂದು ಆ ಕಡೆ ಎಲ್ಲರೂ ನಂಬುತ್ತಾರೆ. ದಿನ ಬಿಟ್ಟು ದಿನ ತಲೆಗೆ ಹುಯ್ದುಕೊಳ್ಳುತ್ತಿದ್ದ ಸೊಸೆ ಒಮ್ಮೆಲೇ ನಿಲ್ಲಿಸಿದ್ದಾಳೆ. ಬೆಳಿಗ್ಗೆ ತಡವಾಗಿ ಏಳುತ್ತಾಳೆ. ವಾರದ ನಡುವೆ ಒದ್ದೆ ತಲೆ ಕಂಡು ಎಷ್ಟೋ ದಿನವಾಯಿತು. ಬಸುರಿಗೆ ಶೀತವಾಗಬಾರದೆಂದು ಹೆಂಗಸರು ನೀರು ಕಡಿಮೆ ಮಾಡುವುದುಂಟು. ಚಿಕ್ಕಬೀರಮ್ಮ ತನಗೆ ಬಂದ ವಿದ್ಯೆಯಿಂದ ಸೊಸೆಯ ತಲೆಯನ್ನು ಓದಿಕೊಂಡಿದ್ದಳು, ಓದಿ ತನ್ನೊಳಗೇ ಇಟ್ಟುಕೊಂಡಿದ್ದಳು.

ಬಸ್ಸು ಬಂತು. ಪವಿತ್ರಾ ಮುಂದಿನ ಸೀಟಿನಲ್ಲಿ ಕೂತಳು. ಯಾಕೆ ಕೂತೆನೆಂದು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ.

ಅವತ್ತೇ ಸಂಜೆ ಹೇಳಬೇಕಿತ್ತು. ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಮನೆಗೆ ಬಂದರೆ ಕಾಲಿಗೆ ಬಿಸಿನೀರು ಇರುತ್ತಿತ್ತು. ಅತ್ತೆ ಎದುರು ಕೂತು, ತಾನು ಚಿಕ್ಕವಳಿದ್ದಾಗ ಹೊಲದ ಬದುವಿನಲ್ಲಿ ಹಾವು ಕಂಡ ಕತೆ ಹೇಳಿ ತಾನೇ ನಗುತ್ತಿದ್ದಳು. ಅವಳು ನಗುವುದನ್ನು ಪವಿತ್ರಾ ಸರಿಯಾಗಿ ನೋಡಿದ್ದು ಆಗಲೇ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿತ್ತು. ಈ ಸುಖ ತನ್ನದಲ್ಲ, ಹುಟ್ಟದೇ ಇರುವ ಯಾರಿಗೋ ಸೇರಿದ್ದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಬಿಸಿನೀರಿಗೆ ಕಾಲು ಚಾಚುತ್ತಿದ್ದಳು. ದಣಿದವರಿಗೆ ನ್ಯಾಯ ಅನ್ಯಾಯ ಸ್ವಲ್ಪ ತಡವಾಗಿ ಹೊಳೆಯುತ್ತದೆ.

ಮುಂದಿನ ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರದೋ ಪಹಣಿಯ ಜೆರಾಕ್ಸ್ ತೆಗೆಯುತ್ತಿದ್ದಾಗ ಕಿಬ್ಬೊಟ್ಟೆ ಹಿಡಿದುಕೊಂಡಿತು. ಮುಟ್ಟಾಗಿತ್ತು. ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಅತ್ತೆಯ ಜೊತೆ ಪ್ರೇಮಮ್ಮ ಕೂತಿದ್ದಳು. ಇಬ್ಬರ ಮುಖದಲ್ಲೂ ಒಂದೇ ಬಗೆಯ ನಗೆ.

"ಸುಕ್ರವಾರ ಪಟ್ಣಕ್ ಓಗಿ ಮಸಣಿಕಮ್ಮಂಗೆ ಪೂಜೆ ಮಾಡುಸ್ಕಂಡ್ ಬರಾನ" ಎಂದಳು ಚಿಕ್ಕಬೀರಮ್ಮ. "ಮಡ್ಲಕ್ಕಿ ಕಟ್ಟುಸ್ಕಬೇಕು. ಪ್ರೇಮನೂ ಬತ್ತಾಳೆ. ರಜ ಕೇಳು."

"ನಾನೇನೂ ಕೇಳಿಲ್ಲ, ಅವ್ರೇನೂ ಏಳಿಲ್ಲ ಕಣಮ್ಮಿ" ಎಂದಳು ಪ್ರೇಮಮ್ಮ, ಸೆರಗು ಬಾಯಿಗೆ ಅಡ್ಡ ಹಿಡಿದು. "ಸುಮ್ನೆ ದೇವ್ಸ್ತಾನಕ್ ಓಗದು. ಅಷ್ಟೇಯ."

ಪವಿತ್ರಾ ಒಳಗೆ ಹೋಗಿ ಬ್ಯಾಗು ಇಟ್ಟಳು. ಗುರುವಾರ ಮೂರನೇ ದಿನ. ಅವತ್ತು ಬೆಳಿಗ್ಗೆ ಸುಮ್ಮನೆ ಬಚ್ಚಲಿಗೆ ಹೋಗಿ, ತಲೆಗೆ ಹುಯ್ದುಕೊಂಡು, ಟವಲು ಸುತ್ತಿಕೊಂಡು ಅಂಗಳಕ್ಕೆ ಬಂದರೆ ಸಾಕು. ಒಂದು ಮಾತೂ ಬೇಕಿಲ್ಲ. ಅತ್ತೆಯ ಕೈ ನಿಲ್ಲುತ್ತದೆ, ಎದುರುಮನೆಯ ಪೊರಕೆ ನಿಲ್ಲುತ್ತದೆ, ಎಲ್ಲರಿಗೂ ಎಲ್ಲ ತಿಳಿಯುತ್ತದೆ. ಇಷ್ಟು ವರ್ಷ ಆ ಮನೆಯಲ್ಲಿ ವಿಷಯಗಳು ತಿಳಿದದ್ದು ಹಾಗೆಯೇ. ಆದರೆ ಹಲ್ಲಿನ ಸಂದಿ ಕಾಣುವಂತೆ ನಕ್ಕವಳಿಗೆ, ಪ್ರೇಮಮ್ಮ ನೋಡುತ್ತಿರುವಾಗಲೇ, ಒಂದು ಟವಲಿನಿಂದ ತಿಳಿಸುವುದು ಅವಳಿಗೆ ಸರಿ ಕಾಣಲಿಲ್ಲ.

ಬುಧವಾರ ಸಂಜೆ ಚಿಕ್ಕಬೀರಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದಳು. ಹಳದಿ ಎಲೆ ಒಂದು ಕಡೆ, ಕಂದು ಎಲೆ ಒಂದು ಕಡೆ, ಸುಟ್ಟದ್ದು ಹಿಂದಕ್ಕೆ. ಶಿವಶಂಕರ ಬೇಲು ಕಟ್ಟುವ ಗೋಣಿ ತರಲು ಹೋಗಿದ್ದ. ಪವಿತ್ರಾ ಅತ್ತೆಯ ಎದುರು ಕೂತು ಒಂದು ಹಿಡಿ ಎಲೆ ಎಳೆದುಕೊಂಡಳು.

"ನೀನ್ ಯಾಕ್ ಬಂದೆ ಈ ಘಾಟಿಗೆ? ಏಳು, ಏಳು."

"ಅತ್ತೆ, ಶುಕ್ರವಾರ ಬೇಡ."

"ರಜ ಕೊಡಕಿಲ್ವಂತಾ?"

"ರಜ ಕೊಡ್ತಾರೆ. ನಾನು ನಿನ್ನೆಯಿಂದ ಹೊರಗಾಗಿದ್ದೀನಿ."

ಚಿಕ್ಕಬೀರಮ್ಮನ ಕೈಯಲ್ಲಿ ಎಲೆಯೊಂದಿತ್ತು. ಅದು ಹಳದಿಯೋ ಕಂದೋ ಗೊತ್ತಾಗದವಳಂತೆ ತಿರುಗಿಸಿ ತಿರುಗಿಸಿ ನೋಡಿದಳು.

"ಓದ್ ತಿಂಗ್ಳು?"

"ಆಗಲೂ ಆಗಿತ್ತು. ಮೂರನೇ ದಿನ ಭಾನುವಾರ ಬಂತು. ಅದಕ್ಕೇ ನಿಮ್ಗೆ ಗೊತ್ತಾಗ್ಲಿಲ್ಲ."

"ಅಂಗಾರೆ ತಲೆಗ್ ಉಯ್ಕಳದ ಬುಟ್ಟಿದ್ದು?"

"ಕೂದಲು ಉದುರ್ತಿತ್ತು. ವಾರಕ್ಕೊಂದೇ ಸಲ ಹಾಕ್ಕೊಳಿ ಅಂದ್ಲು ಪಾರ್ಲರ್ ಹುಡುಗಿ."

"ಕೂದ್ಲಿಗಾ" ಎಂದಳು ಅತ್ತೆ. ಅದು ಪ್ರಶ್ನೆಯಾಗಿರಲಿಲ್ಲ. ಎಲೆಯನ್ನು ಕಂದು ರಾಶಿಗೆ ಹಾಕಿ, ಮತ್ತೆ ತೆಗೆದು ಹಳದಿಗೆ ಹಾಕಿದಳು. ಆಮೇಲೆ ಕೇಳಿದಳು: "ಮತ್ತೆ ಆವಾಗ ದಿನಾ ಉಯ್ಕತಿದ್ದೆಯಲ್ಲ, ಅದ್ಯಾಕೆ?"

ಪವಿತ್ರಾಗೆ ಧೂಳು ನೆನಪಾಯಿತು, ಮುಗ್ಗಲು ನೆನಪಾಯಿತು. ಎದುರಿಗೇ ರಾಶಿ ಬಿದ್ದಿದ್ದ ಸೊಪ್ಪಿನ ಘಾಟೂ ಇತ್ತು.

"ನಿಮ್ಗೆ ಗೊತ್ತಾಗ್ಬಾರ್ದು ಅಂತ."

ಚಿಕ್ಕಬೀರಮ್ಮ ತಲೆಯೆತ್ತಲಿಲ್ಲ. ಬಾಗಿಲ ಬೆಳಕು ಮಂಕಾಗುತ್ತಾ ಬಂತು. ಎದ್ದು ಸ್ವಿಚ್ಚು ಹಾಕಬೇಕೆಂದು ಇಬ್ಬರಿಗೂ ತೋಚಲಿಲ್ಲ.

"ನೋಡೀ ನೋಡೀ ನಂಗೂ ಸಾಕಾಗದೆ ಕಣಮ್ಮಿ" ಎಂದಳು ಕೊನೆಗೆ. "ಬೆಳಿಗ್ಗೆ ಎದ್ರೆ ನಿನ್ ತಲೆ ನೋಡದು. ನೋಡ್ಬಾರ್ದು ಅಂದ್ಕತೀನಿ, ಕಣ್ಣು ಅದ್ರ ಪಾಡ್ಗೆ ಅದು ಓಯ್ತದೆ. ನಮ್ಮತ್ತೆ ನನ್ ತಲೆ ನೋಡೋಳು, ನಾನ್ ನಿನ್ ತಲೆ ನೋಡ್ತೀನಿ. ಈಗ ಪ್ರೇಮಂಗೂ ಏಳ್ಬುಟ್ನಲ್ಲ."

"ನಾನೇ ಹೇಳ್ತೀನಿ ಬಿಡಿ ಅವ್ರಿಗೆ."

"ನೀನ್ ಏಳ್ಬ್ಯಾಡ. ನಿನ್ ಬಾಯಲ್ ಯಾಕ್ ಏಳ್ಬೇಕು?"

ಅಷ್ಟರಲ್ಲಿ ಶಿವಶಂಕರ ಗೋಣಿಯ ಹೊರೆ ಹೊತ್ತು ಬಂದ. "ಯಾಕವ್ವ, ಲೈಟ್ ಆಕಂಡಿಲ್ಲ?" ಎಂದು ಸ್ವಿಚ್ಚು ಒತ್ತಿದ. ಇಬ್ಬರೂ ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದರು. ಅವನು ತಾನೇನೋ ತಪ್ಪು ಮಾಡಿದವನಂತೆ ಗೋಣಿಯನ್ನು ಮೆಲ್ಲಗೆ ಇಳಿಸಿ ಹೊರಗೆ ಹೋದ.

ಗುರುವಾರ ಪವಿತ್ರಾ ಎದ್ದಾಗ ಹಂಡೆಯ ಕೆಳಗೆ ಉರಿ ಇರಲಿಲ್ಲ. ಮರೆತಿದ್ದಾರೆಂದು ಸೌದೆ ಎತ್ತಿಕೊಳ್ಳಲು ಬಗ್ಗಿದಳು. ಮೂರನೇ ದಿನ ತಲೆಗೆ ನೀರು ಬೀಳದೆ ಆ ಮನೆಯ ಒಲೆ ಮುಟ್ಟುವಂತಿರಲಿಲ್ಲ. ಅದನ್ನು ಮುರಿಯುವ ಆಸೆಯೂ ಅವಳಿಗಿರಲಿಲ್ಲ. ಹಿಂದಿನಿಂದ ಅತ್ತೆ ಕರೆದಳು. ಕೈಯಲ್ಲಿ ಒಂದು ಚೊಂಬು ನೀರಿತ್ತು.

"ಸೌದೆ ಅಲ್ಲೇ ಆಕು. ಬಾ ಇಲ್ಲಿ. ಬಗ್ಗು."

ಪವಿತ್ರಾ ಬಗ್ಗಿದಳು. ಚಿಕ್ಕಬೀರಮ್ಮ ಬೆರಳನ್ನು ಚೊಂಬಿನಲ್ಲಿ ಅದ್ದಿ ಅವಳ ಬೈತಲೆಯ ಮೇಲೆ ಚಿಮುಕಿಸಿದಳು. ತಣ್ಣನೆಯ ನೀರು. ಇನ್ನೊಮ್ಮೆ ಅದ್ದಿ ಚಿಮುಕಿಸಿ, ಸೆರಗಿನಿಂದ ಹಣೆಗೆ ಇಳಿದದ್ದನ್ನು ಒರೆಸಿದಳು.

"ಉಯ್ದಂಗೇ ಆಯ್ತು. ಒಲೆ ಮುಟ್ಟು."

"ಇಷ್ಟು ಸಾಕಾಗುತ್ತಾ ಅತ್ತೆ?"

"ನೀರು ನೀರೇ ಕಣಮ್ಮಿ. ಒಂದ್ ಬಿಂದ್ಗೆ ಆದ್ರೇನು, ಒಂದ್ ತೊಟ್ಟಾದ್ರೇನು. ಭಾನ್ವಾರ ನಿನ್ ಶಾಂಪು ಆಕ್ಕೊ." ಚೊಂಬನ್ನು ಬಚ್ಚಲ ಕಟ್ಟೆಯ ಮೇಲಿಟ್ಟು ಸೇರಿಸಿದಳು: "ನೋವು ಇದ್ರೆ ಇವತ್ ಓಗ್ಬ್ಯಾಡ ಅಂಗ್ಡೀಗೆ."

"ಇಲ್ಲ. ಹೋಗ್ತೀನಿ."

ಅಡುಗೆ ಮುಗಿಸಿ, ಜಡೆ ಹಾಕಿಕೊಂಡು ಅವಳು ಹೊರಗೆ ಬಂದಾಗ ಪ್ರೇಮಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. ಕಣ್ಣು ಮೊದಲು ಪವಿತ್ರಾಳ ತಲೆಗೆ ಹೋಯಿತು, ಆಮೇಲೆ ಮುಖಕ್ಕೆ.

"ನಾಳೆ ಎಷ್ಟೊತ್ಗೆ ಒಲ್ಡದು?"

ಉತ್ತರ ಬಂದದ್ದು ಒಳಗಿನಿಂದ. "ನಾಳೆ ಆಗಕಿಲ್ಲ ಕಣ್ ಪ್ರೇಮಾ. ಬೇಲ್ ಕಟ್ಬೇಕು."

ಪ್ರೇಮಮ್ಮ ಮತ್ತೊಮ್ಮೆ ತಲೆಯನ್ನು ನೋಡಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಒಣ ಜಡೆ. ಚೊಂಬಿನಲ್ಲಿ ಉಳಿದಿದ್ದ ನೀರನ್ನು ಮೆಟ್ಟಿಲಿಗೆ ಚೆಲ್ಲಿ ಒಳಗೆ ಹೋದಳು.

ಪವಿತ್ರಾ ಬ್ಯಾಗನ್ನು ಹೆಗಲಿಗೇರಿಸಿ ನಡೆದಳು. ಹೊಟ್ಟೆ ನೋಯುತ್ತಿತ್ತು. ಟಾರು ರಸ್ತೆ ಸೇರುವ ಹೊತ್ತಿಗೆ ಬೈತಲೆಯ ತೇವ ಆರಿಹೋಗಿತ್ತು.